ಗ್ಯಾಲರಿಯ ಲಿಂಬೆ ಗಿಡದ ಬಾಣಂತನ

ಬಾಯಿ ಇರುವ ಯಾವ ಜೀವಕ್ಕಾದರೂ ಸರಿ, ಊಟ ಹಾಕುವುದರಲ್ಲಿ ನನ್ನನ್ನು ಸೋಲಿಸುವವರು ಮುಂಬೈಯ ಈ ವಡಾಲದಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ನಮ್ಮ ಮನೆಯಲ್ಲಿ ಕೂತು ಜೋಳದ ರೊಟ್ಟಿ ತಿಂದು ಹೋಗಿದ್ದಾನೆ. ಲೈಟಿನ ಮೀಟರ್ ನೋಡಲು ಬಂದವನು ಮೀಟರ್ ನೋಡುವುದನ್ನು ಮರೆತು ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗಿದ್ದಾನೆ. ಎದುರಿಗಿದ್ದವರ ಮುಖ ನೋಡಿದರೆ ಸಾಕು, ಇವರಿಗೆ ಹಸಿವೆಯೋ, ಹಸಿವೆ ಇದ್ದೂ ನಾಚಿಕೆಯೋ, ಹೊಟ್ಟೆ ತುಂಬಿದ್ದರೂ ಆಸೆಯೋ ಎಂದು ಹೇಳಿಬಿಡುತ್ತಿದ್ದೆ. ಆದರೆ ಬಾಯಿಯೂ ಇಲ್ಲದ, ಮುಖವೂ ಇಲ್ಲದ, ಬೇಕು ಎಂದೂ ಅನ್ನದ ಸಾಕು ಎಂದೂ ಅನ್ನದ ಒಂದು ಜೀವಕ್ಕೆ ಊಟ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ನನ್ನ ತಲೆ ಕಡೆದ ಮಜ್ಜಿಗೆಯಂತಾಗಿದೆ. ಗಿಡ ಏನು ತಿನ್ನುತ್ತದೆ? ಎಷ್ಟು ತಿನ್ನುತ್ತದೆ? ತಿಂದ ಮೇಲೆ ಅದಕ್ಕೆ ಹೊಟ್ಟೆ ತುಂಬಿತೆಂದು ತಿಳಿಯುವುದು ಹೇಗೆ? ತೇಗುವುದಂತೂ ಇಲ್ಲ. ಓದಿದವರಿಗೆ ಇದೆಲ್ಲ ಗೊತ್ತಿರಬಹುದು. ನಾನು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ಒಂದು ಮಾತು ಹೇಳುತ್ತೇನೆ, ಇದುವರೆಗೆ ನನಗೆ ಗಿಡದ ಊಟದ ಬಗ್ಗೆ ತಿಳಿಸಿ ಹೇಳಿದವರೆಲ್ಲ ಓದಿದವರೇ, ಮತ್ತು ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳಿಲ್ಲ.

ಗಿಡದ ಮಾತಿಗೆ ಬರುವ ಮೊದಲು ಮೊಮ್ಮಗಳ ಮಾತು ಹೇಳಬೇಕು. ಇತ್ತೀಚೆಗೆ ನಾನು ಯಾವ ಮಾತಿಗೆ ಬರುವ ಮೊದಲೂ ಮೊಮ್ಮಗಳ ಮಾತನ್ನೇ ಹೇಳುತ್ತೇನೆ. ನಮ್ಮ ಮಗ ಇಮ್ತಿಯಾಜ್‌ಗೂ ಸೊಸೆ ರೇಶ್ಮಾಗೂ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಎದುರಾದವರೆಲ್ಲ 'ಏನಾದರೂ ಖುಶಿ ಸುದ್ದಿ?' ಎಂದು ಕೇಳಿ ಕೇಳಿ ಕೊನೆಗೆ ಅವರೂ ದಣಿದು ಕೇಳುವುದನ್ನು ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಹುಟ್ಟಿದವಳು ಜೋಯಾ. ಹುಟ್ಟುವಾಗಲೇ ಕಿವಿಯ ಮೇಲೆ ಇಳಿಯುವಷ್ಟು ಕೂದಲು. ನರ್ಸಮ್ಮ ಕೂಸನ್ನು ನನ್ನ ಕೈಗೆ ಕೊಟ್ಟಾಗ ನಾನು ಅತ್ತ ಅಳುವಿಗೆ ಕೂಸೇ ಗಾಬರಿಯಾಗಿ ತನ್ನ ಅಳು ನಿಲ್ಲಿಸಿತು. ನಮ್ಮ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದೆ, ಪೇಢೆ ಉಳಿಯಿತೆಂದು ಪಕ್ಕದ ಬಿಲ್ಡಿಂಗಿಗೂ ಹಂಚಿದೆ, ಅಲ್ಲಿ ಸಾಲದೆ ಬಂತೆಂದು ಮತ್ತೆ ತರಿಸಿದೆ. ಒಂದು ದಿನ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಕುರ್ಲಾದಲ್ಲಿ ಇಳಿಯಬೇಕಿದ್ದ ಹೆಂಗಸೊಬ್ಬಳು ಬಾಗಿಲ ಹತ್ತಿರ ನನ್ನ ಹೆಗಲು ಮುಟ್ಟಿ ಇಳಿಯುತ್ತೀರಾ ಎಂದು ಕೇಳಿದಳು. ನಾನು ಮೊಬೈಲ್ ತೆಗೆದು ಮೊಮ್ಮಗಳ ಫೋಟೋ ತೋರಿಸಿದೆ. ಇಬ್ಬರೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಗಾಡಿ ಹಿಡಿದೆವು.

ಏಳನೆಯ ದಿನ ಅಕೀಕಾ. ನಮ್ಮಲ್ಲಿ ಅಂದು ಕೂಸಿನ ತಲೆ ಬೋಳಿಸುತ್ತಾರೆ, ಆ ಕೂದಲನ್ನು ತೂಗಿ ಅಷ್ಟು ತೂಕದ ಬೆಳ್ಳಿಯನ್ನು ಬಡವರಿಗೆ ದಾನ ಮಾಡುತ್ತಾರೆ. ಕೂದಲು ಹಾರಬಾರದೆಂದು ಅಕ್ಕಸಾಲಿ ಅಂಗಡಿಯ ಫ್ಯಾನ್ ಆರಿಸಿ, ನಮಗೂ ಉಸಿರು ಬಿಡಬೇಡಿ ಎಂದ. ಅಲ್ಲಿಯವರೆಗೆ ಎಲ್ಲ ಸರಿಯಾಯಿತು. ತೂಗಿದ ಮೇಲೆ ಆ ಕೂದಲನ್ನು ಯಾರೂ ತುಳಿಯದ ಶುದ್ಧ ಮಣ್ಣಿನಲ್ಲಿ ಹೂಳಬೇಕು. ನಮ್ಮ ಸಿಂದಗಿ ಕಡೆ ಇದೊಂದು ಕೆಲಸವೇ ಅಲ್ಲ, ಹಿತ್ತಲಿಗೆ ಹೋಗಿ ಹೂತು, ಕೈ ತೊಳೆದುಕೊಂಡು, ಒಳಗೆ ಬಂದು ಊಟಕ್ಕೆ ಕೂಡುವುದು. ವಡಾಲದಲ್ಲಿ ಮಣ್ಣೆಲ್ಲಿದೆ? ನಮ್ಮ ಬಿಲ್ಡಿಂಗಿನ ಅಂಗಳಕ್ಕೆ ಹೋದ ವರ್ಷವೇ ಕೆಂಪು ಕಲ್ಲು ಹಾಸಿದ್ದಾರೆ. ನಾನೂ ನಮ್ಮವರೂ ಮೊಮ್ಮಗಳ ಕೂದಲನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಮಣ್ಣು ಹುಡುಕಿಕೊಂಡು ಹೊರಟೆವು. ನಮ್ಮವರು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ ದರ್ಜಿ, ಈಗ ಕಣ್ಣು ಮಂಜಾಗಿ ಕತ್ತರಿ ಕೆಳಗಿಟ್ಟಿದ್ದಾರೆ. ಸುಳ್ಳು ಹೇಳಲು ಬಾರದ ಮನುಷ್ಯ. ಹತ್ತಿರದ ಗಾರ್ಡನ್ನಿನ ಮೂಲೆಯಲ್ಲಿ ಒಂದಿಷ್ಟು ಮಣ್ಣು ಕಂಡು ಬಗ್ಗಿದ್ದೇ ತಡ, ವಾಚ್‌ಮನ್ ಬಂದು ಗಂಟಿನಲ್ಲಿ ಏನಿದೆ ಎಂದ. ನಮ್ಮವರು ಇದ್ದದ್ದು ಇದ್ದ ಹಾಗೆ ಕೂದಲು ಎಂದರು. ಅವನು ಹಿಂದಕ್ಕೆ ಸರಿದ. ಯಾರದು ಎಂದ. ಕೂಸಿನದು ಎಂದರು. ಅವನು ಇನ್ನೂ ಹಿಂದಕ್ಕೆ ಸರಿದು ಸೀಟಿ ಬಾಯಿಗೆ ಇಟ್ಟುಕೊಂಡ. ನಾವು ಮಾಟ ಮಾಡುವ ಗಂಡಹೆಂಡತಿಯೆಂದು ಅವನಿಗೆ ಖಾತ್ರಿಯಾಗಿತ್ತು. ಮುಲುಂಡಿನಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದರೆ, ತಮ್ಮ ಸೊಸೈಟಿಯಲ್ಲಿ ಮಣ್ಣು ಬೇಕಾದಷ್ಟಿದೆ, ಆದರೆ ಸೆಕ್ರೆಟರಿಗೆ ಅರ್ಜಿ ಕೊಡಬೇಕು, ಯಾತಕ್ಕೆ ಎಂದು ಬರೆಯಬೇಕು ಎಂದಳು. ಕೂದಲನ್ನು ಮತ್ತೆ ಮನೆಗೆ ತಂದು ಟ್ರಂಕಿನಲ್ಲಿಟ್ಟೆವು. ಈ ಮುಂಬೈಯಲ್ಲಿ ಕೂಸಿಗೆ ತೊಟ್ಟಿಲು ಕಟ್ಟಲು ಜಾಗ ಸಿಕ್ಕಿತ್ತು, ಒಂದು ಮುಷ್ಟಿ ಕೂದಲಿಗೆ ಜಾಗ ಸಿಗಲಿಲ್ಲ.

ಆ ವಾರವೇ ನಮ್ಮವರ ಅಕ್ಕನ ಮಗ ಲಿಂಬೆ ತೋಟಗಳ ಊರಾದ ಇಂಡಿಯಿಂದ ಕೂಸನ್ನು ನೋಡಲು ಬಂದ. ಎಲ್ಲರೂ ಕೂಸಿಗೆ ಅಂಗಿ ಕುಲಾವಿ ತಂದರೆ ಇವನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಲಿಂಬೆ ಸಸಿ ತಂದಿದ್ದ. ಇಂಡಿ ಕಡೆಯವರಿಗೆ ಲಿಂಬೆಯಲ್ಲದೆ ಬೇರೆ ಏನೂ ತೋಚುವುದಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದನಂತೆ. ನಮ್ಮವರಿಗೆ ಆಗ ಹೊಳೆಯಿತು. ದೊಡ್ಡ ಕುಂಡ ತಂದರು, ಸಸಿಯ ಬೇರಿಗಿದ್ದ ಊರ ಮಣ್ಣಿನ ಹೆಂಟೆಯ ಜೊತೆಗೆ ಇಲ್ಲಿಯ ನರ್ಸರಿಯಿಂದ ಕೊಂಡ ಮಣ್ಣು ಸೇರಿಸಿದರು, ಬಿಸ್ಮಿಲ್ಲಾ ಎಂದು ಜೋಯಾಳ ಕೂದಲನ್ನು ಒಳಗಿಟ್ಟು ಅದರ ಮೇಲೆ ಸಸಿ ನೆಟ್ಟರು. ಮಹಡಿಯ ಮನೆಗಳ ಮುಂದೆ ಉದ್ದಕ್ಕೆ ಹೋಗುವ ಗ್ಯಾಲರಿಯಲ್ಲಿ ನಮ್ಮ ಬಾಗಿಲ ಎದುರಿಗೇ ಇಟ್ಟೆವು. ಯಾರೂ ತುಳಿಯುವುದಿಲ್ಲ, ಶುದ್ಧ ಮಣ್ಣು, ಸೆಕ್ರೆಟರಿಗೆ ಅರ್ಜಿಯೂ ಬೇಕಿಲ್ಲ. ನಾನು ಅಂದು ನಿಶ್ಚಿಂತೆಯಾಗಿ ಮಲಗಿದೆ.

ನಿಶ್ಚಿಂತೆ ಬಹಳ ದಿನ ಬಾಳಲಿಲ್ಲ. ಮೊದಮೊದಲು ಎರಡು ಎಳೆ ಎಲೆ ಬಂದವು, ಆಮೇಲೆ ಹಳೆಯ ಎಲೆಯೊಂದು ಹಳದಿಯಾಯಿತು. ಅದೇ ದಿನ ಕೂಸಿಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದರು. ಸಂಜೆಗೆ ಕೂಸಿನ ಮೈ ಬಿಸಿಯಾಯಿತು, ನೀರು ಹಾಕಲು ಹೋದರೆ ಹಳದಿ ಎಲೆ ಕುಂಡದಲ್ಲಿ ಬಿದ್ದಿತ್ತು. ಡಾಕ್ಟರಮ್ಮ ಸೂಜಿಗೆ ಜ್ವರ ಬರುತ್ತದೆಂದು ಮೊದಲೇ ಹೇಳಿದ್ದರು, ಮರುದಿನ ಬೆಳಿಗ್ಗೆ ಕೂಸು ಕಾಲು ಬಡಿಯುತ್ತ ನಗುತ್ತಿತ್ತು. ಆದರೂ ನನ್ನ ಎದೆಯಲ್ಲಿ ಒಂದು ಮುಳ್ಳು ಸೇರಿಕೊಂಡಿತು. ಈ ಗಿಡದ ಬುಡದಲ್ಲಿ ಮೊಮ್ಮಗಳ ಮೊದಲ ಕೂದಲಿದೆ. ಈ ಗಿಡವೇ ಒಣಗಿಹೋದರೆ? ಅದರ ಮುಂದಿನ ಮಾತನ್ನು ನಾನು ನನ್ನೊಳಗೂ ಪೂರ್ತಿ ಮಾಡಲಿಲ್ಲ. ನಮ್ಮವರ ಹತ್ತಿರ ಮೆಲ್ಲಗೆ ವಿಷಯ ತೆಗೆದೆ. ನಮ್ಮವರು ಖುಶಿಯಲ್ಲಿದ್ದಾಗ ದಖನಿ ಉರ್ದು ಮಾತಾಡುತ್ತಾರೆ, ಬೈಯುವಾಗ ಕನ್ನಡ. "ಹುಚ್ಚಿ ಏನ ನೀ? ಗಿಡ ಅಂದ್ರ ಗಿಡ. ಅದಕ್ಕೂ ಕೂಸಿನ ನಸೀಬಕ್ಕೂ ಗಂಟು ಹಾಕಬ್ಯಾಡ. ನೀರ್ ಹಾಕು, ಸುಮ್ನ ಕೂಡು" ಎಂದರು. ನಾನು ನೀರು ಹಾಕಿದೆ. ಸುಮ್ಮನೆ ಕೂಡುವುದು ಮಾತ್ರ ಆಗಲಿಲ್ಲ.

ಪಕ್ಕದ ಮನೆಯ ವತ್ಸಲಕ್ಕನ ಬಾಗಿಲು ತಟ್ಟಿದೆ. ವತ್ಸಲಕ್ಕ ಮೈಸೂರು ಕಡೆಯವರು, ಗಂಡ ಬ್ಯಾಂಕಿನಲ್ಲಿದ್ದು ರಿಟೈರ್ ಆಗಿದ್ದಾರೆ. ಗ್ಯಾಲರಿಯಲ್ಲಿ ಅವರ ದಾಸವಾಳದ ಕುಂಡ ಒಂದು ಮದುವಣಗಿತ್ತಿಯಂತೆ ನಿಂತಿರುತ್ತದೆ. ನನಗಿಂತ ದೊಡ್ಡವರಾದರೂ ಬಿಲ್ಡಿಂಗಿನ ಉಳಿದವರಂತೆ ನನ್ನನ್ನು ಚಾಚಿ ಎನ್ನುತ್ತಾರೆ. ಅವರು ಎಲೆಯನ್ನು ತಿರುವಿ ನೋಡಿ, ಕನ್ನಡಕ ಏರಿಸಿ, "ಹೊಟ್ಟೆಗಿಲ್ಲ ಕಣ್ರೀ ಚಾಚಿ ಇದಕ್ಕೆ" ಎಂದರು. ನನ್ನ ಮನೆಯ ಬಾಗಿಲಲ್ಲಿ ನಿಂತಿರುವ ಜೀವಕ್ಕೆ ಹೊಟ್ಟೆಗಿಲ್ಲ. ಈ ಮಾತು ನನಗೆ ಹೇಗೆ ತಾಗಿರಬೇಕು ನೀವೇ ಯೋಚಿಸಿ. ಅಂದಿನಿಂದ ನನ್ನ ಅಡಿಗೆಮನೆಯಲ್ಲಿ ಎರಡು ಒಲೆ ಹತ್ತಿದವು ಎಂದೇ ಹೇಳಬೇಕು, ಒಂದು ಮನುಷ್ಯರಿಗೆ, ಇನ್ನೊಂದು ಲಿಂಬೆಗೆ. ವತ್ಸಲಕ್ಕ ಹೇಳಿದಂತೆ ಬಾಳೆಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿಟ್ಟು ಆ ನೀರು ಹಾಕಿದೆ. ಈರುಳ್ಳಿ ಸಿಪ್ಪೆಯ ನೀರು, ಅಕ್ಕಿ ತೊಳೆದ ನೀರು, ಹುಳಿ ಬಂದ ಮಜ್ಜಿಗೆ, ಒಂದೊಂದಕ್ಕೆ ಒಂದೊಂದು ವಾರ. ಯಾವ ವಾರ ಯಾವುದೆಂದು ನನಗೆ ನೆನಪಿರುತ್ತಿರಲಿಲ್ಲ, ಅದಕ್ಕೆ ಎಲ್ಲ ವಾರವೂ ಎಲ್ಲವನ್ನೂ ಹಾಕುತ್ತಿದ್ದೆ. ಒಂದು ಹಾಕಿ ಇನ್ನೊಂದು ಬಿಟ್ಟರೆ ಆ ಬಿಟ್ಟದ್ದೇ ಅದಕ್ಕೆ ಬೇಕಾಗಿದ್ದರೆ?

ಗ್ಯಾಲರಿಯ ಕೊನೆಯ ಮನೆ ಮರಾಠಿಯ ಶಿಂದೆ ಕಾಕುವಿನದು, ಕಾಕು ಎಂದರೆ ಅವರಲ್ಲಿ ಚಿಕ್ಕಮ್ಮ. ಕಾಕು ಮೊದಲು ನಮ್ಮ ಕುಂಡದಿಂದ ದೂರ ಇದ್ದರು. ಕೂದಲು ಹೂತಿಟ್ಟಿದ್ದಾರೆ, ಮೇಲೆ ಲಿಂಬೆ ನೆಟ್ಟಿದ್ದಾರೆ ಎಂದು ತಿಳಿದಾಗ ಅವರ ಮುಖದಲ್ಲಿ ಆ ಗಾರ್ಡನ್ನಿನ ವಾಚ್‌ಮನ್ನೇ ಕಂಡ. ಕೂಡಿಸಿ, ಚಹಾ ಕೊಟ್ಟು, ಅಕೀಕಾ ಎಂದರೇನೆಂದು ತಿಳಿಸಿ ಹೇಳಿದೆ. ಅವರು ಅರ್ಧ ಚಹಾಕ್ಕೆ ಕಣ್ಣೊರೆಸಿಕೊಂಡು, ತಮ್ಮಲ್ಲೂ ಕೂಸಿನ ಮೊದಲ ಕೂದಲಿಗೆ ಹೀಗೇ ಎಲ್ಲ ಶಾಸ್ತ್ರವಿದೆ, ಆ ಕೂದಲು ಕಸಕ್ಕೆ ಹೋಗಬಾರದು ಎಂದರು. ಮರುದಿನದಿಂದ ಕಾಕುವೇ ಗಿಡದ ದೊಡ್ಡ ಡಾಕ್ಟರಾದರು. ಮೊಟ್ಟೆ ಸಿಪ್ಪೆ ಕುಟ್ಟಿ ಹಾಕಬೇಕು ಎಂದರು, ಹಾಕಿದೆ. ಮೀನು ತೊಳೆದ ನೀರು ಅಮೃತ ಎಂದರು, ಹಾಕಿದೆ. ಆ ದಿನ ಸಂಜೆ ವಡಾಲದ ಬೆಕ್ಕುಗಳೆಲ್ಲ ನಮ್ಮ ಗ್ಯಾಲರಿಯಲ್ಲಿ ಸಭೆ ಸೇರಿದವು, ಒಂದಂತೂ ಕುಂಡದ ಮೇಲೇ ಅಧ್ಯಕ್ಷನಂತೆ ಕೂತಿತ್ತು. ಚಹಾಪುಡಿ ಹಾಕಿ ಎಂದರು. ನಮ್ಮ ಮನೆಯ ಚಹಾ ಅಂದರೆ ಹಾಲು, ಸಕ್ಕರೆ, ಶುಂಠಿ ಎಲ್ಲ ಕೂಡಿ ಕುದಿದದ್ದು. ಗಿಡಕ್ಕೆ ಇರುವೆ ಹತ್ತಿದವು. ಕಾಕು ನಕ್ಕು, ಪುಡಿಯನ್ನು ತೊಳೆದು ಹಾಕಬೇಕು ಎಂದು ಹೇಳಿಕೊಟ್ಟರು. ನಾನು ಚಹಾಪುಡಿಯನ್ನು ಅಕ್ಕಿ ತೊಳೆದಂತೆ ತೊಳೆದೆ, ಬಿಸಿಲಿಗೆ ಒಣಗಿಸಿದೆ, ಮತ್ತೆ ಹಾಕಿದೆ. ಇರುವೆಗಳು ಹೋಗಲಿಲ್ಲ, ಇನ್ನೂ ತಮ್ಮ ನೆಂಟರನ್ನು ಕರೆದುಕೊಂಡು ಬಂದವು. ಇಷ್ಟು ತೊಳೆದ ಪುಡಿಯಲ್ಲಿ ಇವಕ್ಕೆ ಯಾವ ಸಿಹಿ ಸಿಕ್ಕಿತು ಎಂದು ನನಗೆ ಅರ್ಥವಾಗಲಿಲ್ಲ.

ಮಗನಿಗೆ ಹೇಳಿದರೆ ಅವನು ಮೊಬೈಲಿನಲ್ಲಿ ಏನೋ ಒತ್ತಿದ. ಮೂರನೆಯ ದಿನ ಒಬ್ಬ ಹುಡುಗ ಮೋಟರ್ ಸೈಕಲ್ಲಿನಲ್ಲಿ ಬಂದು, ನಂಬರ್ ಕೇಳಿ, ಒಂದು ಚಂದದ ಡಬ್ಬಿ ಕೊಟ್ಟು ಹೋದ. ಬಿಚ್ಚಿದರೆ ಸೆಗಣಿಯ ಕುಳ್ಳು. ಅದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ, ಮೇಲೆ ನಗುವ ಹಸುವಿನ ಚಿತ್ರ. ನಾನು ಸಣ್ಣವಳಿದ್ದಾಗ ಸೆಗಣಿ ಹೆಕ್ಕಲು ಬುಟ್ಟಿ ಹಿಡಿದುಕೊಂಡು ಊರ ದನಗಳ ಹಿಂದೆ ಓಡುತ್ತಿದ್ದವಳು. ಅದೇ ಸೆಗಣಿ ಈಗ ನನ್ನ ಮನೆ ಹುಡುಕಿಕೊಂಡು ಮೂರು ಮಹಡಿ ಹತ್ತಿ ಬಂದಿತ್ತು. ಅದನ್ನೂ ಪುಡಿ ಮಾಡಿ ಹಾಕಿದೆ.

ಇತ್ತ ಒಳಗೆ ರೇಶ್ಮಾಳ ಬಾಣಂತನವೂ ನನ್ನ ಕೈಯಲ್ಲೇ ಇತ್ತು. ಅಂಟು, ಒಣ ಖರ್ಜೂರದ ಖಾರೀಕು, ಮೆಂತ್ಯ, ತುಪ್ಪ ಹಾಕಿ ಕಟ್ಟಿದ ಉಂಡಿ ಬೆಳಿಗ್ಗೆ ಒಂದು, ಸಂಜೆ ಒಂದು. ರೇಶ್ಮಾ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡುವಾಗ ಅರ್ಧಕ್ಕೆ ಹಿಂದಿಗೆ ಹಾರುತ್ತಾಳೆ. ಮೊದಲು ಉಂಡಿ ಎಂದರೆ ಮುಖ ಕಿವುಚುತ್ತಿದ್ದವಳು ಕೆಲವು ದಿನಗಳಾದ ಮೇಲೆ ತಟ್ಟೆ ಖಾಲಿ ಮಾಡಿ ತಂದಿಡತೊಡಗಿದಳು. ಗ್ಯಾಲರಿಯಲ್ಲಿ ಗಾಳಿಗೆ ನಿಂತು ತಿನ್ನುತ್ತೇನೆ ಅಮ್ಮಿ, ಅಲ್ಲಿ ರುಚಿ ಹತ್ತುತ್ತದೆ ಎಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಉಂಡಿಯನ್ನು ಇನ್ನಷ್ಟು ದೊಡ್ಡದಾಗಿ ಕಟ್ಟತೊಡಗಿದೆ. ನಮ್ಮವರಿಗೂ ಇದೇ ಉಪಚಾರ. ಅವರಿಗೆ ಮರೆವು ಹೆಚ್ಚಾಗಿದೆ ಎಂದು ರಾತ್ರಿ ನೆನೆಸಿದ ಬಾದಾಮಿಯನ್ನು ಬೆಳಿಗ್ಗೆ ಕೈಯಲ್ಲಿ ಇಡುತ್ತೇನೆ. ಅವರೂ ಅದನ್ನು ಹಿಡಿದುಕೊಂಡು ಗ್ಯಾಲರಿಗೆ ಹೋಗಿ ಬಿಸಿಲಿಗೆ ಕೂಡುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗ್ಯಾಲರಿಯ ಗಾಳಿಯಲ್ಲೇ ರುಚಿ ಹತ್ತಿದ ಕಾಲ ಅದು.

ಎಲ್ಲರೂ ಉಂಡು ತಿಂದು ಸುಖವಾಗಿದ್ದರು, ಗಿಡವೊಂದು ಬಿಟ್ಟು. ಕೂಸು ಮಗ್ಗುಲಾಗುವ ಹೊತ್ತಿಗೆ ಗಿಡದ ಅರ್ಧ ಎಲೆ ಉದುರಿದ್ದವು. ಉಳಿದವು ಅಂಚು ಸುಟ್ಟ ಹಪ್ಪಳದಂತೆ ಮುದುಡಿದ್ದವು. ಕುಂಡದ ಹತ್ತಿರ ಹೋದರೆ ಮೂಗು ಮುಚ್ಚಬೇಕು. ನಾನು ಬೆಳಿಗ್ಗೆ ಎದ್ದರೆ ಮೊದಲು ಕೂಸಿನ ಹಣೆ ಮುಟ್ಟಿ ನೋಡುತ್ತಿದ್ದೆ, ಆಮೇಲೆ ಗಿಡದ ಎಲೆ ಎಣಿಸುತ್ತಿದ್ದೆ. ಕೂಸು ಸೀನಿದರೆ ಗ್ಯಾಲರಿಗೆ ಓಡುತ್ತಿದ್ದೆ, ಎಲೆ ಬಿದ್ದರೆ ತೊಟ್ಟಿಲಿಗೆ ಓಡುತ್ತಿದ್ದೆ. ಹಾಕಿದ್ದು ಕಡಿಮೆಯಾಯಿತೋ ಹೆಚ್ಚಾಯಿತೋ, ಮೀನಿನ ನೀರು ಮುನಿಯಿತೋ ಮಜ್ಜಿಗೆ ಮುನಿಯಿತೋ, ಮೀನಿಗೂ ಮಜ್ಜಿಗೆಗೂ ಒಳಗೆ ಜಗಳವೇ ಆಯಿತೋ, ಏನೂ ತಿಳಿಯದು. ಯಾವುದನ್ನು ಬಿಡಲಿ ಎಂದು ಕೇಳಿದರೆ ವತ್ಸಲಕ್ಕ ಕಾಕು ಹೇಳಿದ್ದನ್ನು ಬಿಡಿ ಎನ್ನುತ್ತಿದ್ದರು, ಕಾಕು ವತ್ಸಲಕ್ಕ ಹೇಳಿದ್ದನ್ನು ಬಿಡಿ ಎನ್ನುತ್ತಿದ್ದರು. ಇಬ್ಬರೂ ಸೇರಿ ಕೊನೆಗೆ ಒಂದು ಮಾತಿಗೆ ಒಪ್ಪಿದರು. ಬೇರು ಕೊಳೆಯುತ್ತಿದೆ, ಗಿಡವನ್ನು ಕಿತ್ತು, ಈ ಮಣ್ಣನ್ನೆಲ್ಲ ತೆಗೆದು ಬಿಸಾಕಿ, ಹೊಸ ಮಣ್ಣಿನಲ್ಲಿ ನೆಡಬೇಕು. ಇಲ್ಲದಿದ್ದರೆ ಈ ವಾರ ದಾಟುವುದಿಲ್ಲ.

ಮಣ್ಣು ಬಿಸಾಕದಿದ್ದರೆ ಗಿಡ ಸಾಯುತ್ತದೆ, ಬಿಸಾಕಿದರೆ ಮೊಮ್ಮಗಳ ಕೂದಲು ಮುನಿಸಿಪಾಲ್ಟಿಯ ಕಸದ ಗಾಡಿಗೆ ಹೋಗುತ್ತದೆ. ನಮ್ಮವರನ್ನು ಕರೆದೆ. ಅವರು ಗಿಡ ನೋಡಿದರು, ಕೂಸಿನ ಕಡೆ ನೋಡಿದರು. ಗಿಡ ಅಂದರೆ ಗಿಡ ಎನ್ನುತ್ತಾರೆಂದು ಕಾದೆ, ಅನ್ನಲಿಲ್ಲ. ಒಳಗೆ ಹೋಗಿ ಹಳೆಯ ಚಾದರ ತಂದು ಗ್ಯಾಲರಿಯಲ್ಲಿ ಹಾಸಿ, "ಕುಂಡ ಬೋರಲ ಹಾಕ್ರಿ. ಕೂದಲ ಆರಿಸಿ ತಗೋಳೂಣು" ಎಂದರು.

ಕುಂಡ ಬೋರಲು ಬಿತ್ತು. ನಾವೆಲ್ಲ ಸುತ್ತ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮಣ್ಣು ಕೆದಕತೊಡಗಿದೆವು. ನಾನು ಹಾಕಿದ್ದೆಲ್ಲ ಗುರುತಿನ ಮುಖದಂತೆ ಒಂದೊಂದಾಗಿ ಮೇಲೆ ಬಂತು, ಚಹಾಪುಡಿ, ಈರುಳ್ಳಿ ಸಿಪ್ಪೆಯ ಚೂರು, ಸೆಗಣಿ. ಮೊಟ್ಟೆ ಸಿಪ್ಪೆ ಮಾತ್ರ ನಾನು ಹಾಕಿದ್ದಕ್ಕಿಂತ ಬಹಳ ಹೆಚ್ಚಿತ್ತು, ನಮ್ಮ ಮನೆಯಲ್ಲಿ ಅಷ್ಟು ಮೊಟ್ಟೆ ತಂದೇ ಇಲ್ಲ. ತಲೆ ಎತ್ತಿದರೆ ಕಾಕು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಚಾಚಿ ಕೂಸಿನ ಗದ್ದಲದಲ್ಲಿ ಮರೆತಿರುತ್ತಾರೆಂದು ತಾವೂ ದಿನಾ ಒಂದು ಚಮಚ ಹಾಕಿ ಹೋಗುತ್ತಿದ್ದರಂತೆ. ವತ್ಸಲಕ್ಕ ಗೆದ್ದವರಂತೆ ನನ್ನ ಕಡೆ ನೋಡಿದರು. ಆಗ ಮಣ್ಣಿನಿಂದ ಒಂದು ನಾತ ಎದ್ದಿತು. ಅದು ನನ್ನ ಯಾವ ಡಬ್ಬಿಯದೂ ಅಲ್ಲ. ಗಂಜಲ, ಬೆಲ್ಲ, ಕಡಲೆಹಿಟ್ಟು ಸೇರಿಸಿ ಕೊಳೆಸಿದ ನೀರಿನದು, ಅದನ್ನು ಬೊರಿವಲಿಯಲ್ಲಿರುವ ತಮ್ಮ ನಾದಿನಿಯ ಮನೆಯಿಂದ ವತ್ಸಲಕ್ಕ ಬಾಟಲಿಯಲ್ಲಿ ತರುತ್ತಾರೆಂದು ಇಡೀ ಗ್ಯಾಲರಿಗೆ ಗೊತ್ತು. ಲೋಕಲ್‌ನಲ್ಲಿ ಆ ಬಾಟಲಿಯ ದಯೆಯಿಂದ ಅವರಿಗೆ ಯಾವಾಗಲೂ ಸೀಟು ಸಿಗುತ್ತದಂತೆ. "ಒಂದೇ ಒಂದು ಸೌಟು ಕಣ್ರೀ, ನೀವು ಮಧ್ಯಾಹ್ನ ಮಲಗಿದ್ದಾಗ" ಎಂದರು. ಎಷ್ಟು ಮಧ್ಯಾಹ್ನ ಎಂದು ನಾನು ಕೇಳಲಿಲ್ಲ.

ಇನ್ನಷ್ಟು ಕೆದಕಿದಾಗ ಮೆತ್ತಗಿನ ಉಂಡೆಗಳು ಸಿಕ್ಕವು, ಸುತ್ತ ಇರುವೆಗಳ ಸಂಸಾರ. ಒಡೆದು ನೋಡಿದೆ. ಅಂಟು, ಖಾರೀಕು, ಮೆಂತ್ಯ. ನನ್ನ ಕೈಯಿಂದ ಕಟ್ಟಿದ ಉಂಡಿ ನನಗೆ ಗುರುತು ಸಿಗುವುದಿಲ್ಲವೇ? ರೇಶ್ಮಾ ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಮ್ಮಿ, ರೋಜ್ ರೋಜ್ ಅಷ್ಟು ಕಹಿ ತಿನ್ನಕ್ಕೆ ಆಗಲ್ಲ. ಬಿಸಾಕಿದ್ರೆ ಗುನಾಹ್. ಗಿಡ ಭೀ ತೋ ಅಪನೀ ಜೋಯಾ ಹೈ ನಾ, ಅದಕ್ಕೆ ತಾಕತ್ ಬರಲಿ ಅಂತ" ಎಂದಳು. ಬಿಸಾಕಿದರೆ ಪಾಪ, ಗಿಡವೂ ನಮ್ಮ ಜೋಯಾಳೇ ಎಂಬುದು ಅವಳ ಲೆಕ್ಕ. ಸಿಟ್ಟು ಮಾಡಬೇಕೋ ಮುದ್ದು ಮಾಡಬೇಕೋ ತಿಳಿಯದೆ ನಾನು ಮತ್ತೆ ಮಣ್ಣಿಗೆ ಕೈ ಹಾಕಿದೆ. ಬೆರಳಿಗೆ ಏನೋ ಗಟ್ಟಿ ತಗುಲಿತು. ತೆಗೆದೆ, ಬಾದಾಮಿ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಇನ್ನೊಂದು. ಇನ್ನೂ ಕುಂಡದ ಆಕಾರದಲ್ಲೇ ನಿಂತಿದ್ದ ಮಣ್ಣಿನ ಹೆಂಟೆಯ ಅಂಚಿನ ಗುಂಟ ಹೊಲಿಗೆ ಹಾಕಿದಂತೆ, ಒಂದೇ ಅಳತೆಯ ಅಂತರದಲ್ಲಿ, ಸಾಲಾಗಿ ಬಾದಾಮಿ. ಅಂಥ ಸಾಲು ಹಾಕುವ ಕೈ ನಮ್ಮ ಮನೆಯಲ್ಲಿ ಒಂದೇ ಇದೆ. ಗಿಡ ಅಂದರೆ ಗಿಡ, ನೀರು ಹಾಕು, ಸುಮ್ಮನೆ ಕೂಡು ಎಂದಿದ್ದವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದರು. ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ಮುಖ ನೋಡದೆ, "ಬರೇ ನೀರ್ ಕುಡದು ಯಾರರ ಬದುಕ್ತಾರೇನು" ಎಂದರು.

ಯಾರೂ ನಗಲಿಲ್ಲ. ಇಷ್ಟು ದಿನ ಭಯ ನನ್ನೊಬ್ಬಳಿಗೇ ಎಂದುಕೊಂಡಿದ್ದೆ. ಈ ಮನುಷ್ಯ ನನ್ನನ್ನು ಹುಚ್ಚಿ ಎಂದು ಬೈದು, ಬೆಳಿಗ್ಗೆ ಬೆಳಿಗ್ಗೆ ತನ್ನ ಪಾಲಿನ ಬಾದಾಮಿ ಹೂಳುತ್ತಿದ್ದ. ಮನೆಯ ಒಬ್ಬೊಬ್ಬರೂ, ಗ್ಯಾಲರಿಯ ಒಬ್ಬೊಬ್ಬರೂ, ಇನ್ನೊಬ್ಬರಿಗೆ ತಿಳಿಯದ ಹಾಗೆ ಆ ಬಡಪಾಯಿ ಗಿಡಕ್ಕೆ ಉಣಿಸಿದ್ದೇ ಉಣಿಸಿದ್ದು. ಅದು ಒಣಗಿದ್ದು ಹಸಿವೆಯಿಂದಲ್ಲ, ನಮ್ಮೆಲ್ಲರ ಪ್ರೀತಿಗೆ ಅಜೀರ್ಣವಾಗಿ.

ಕೂದಲನ್ನು ಆರಿಸುವ ಕೆಲಸ ಮಾತ್ರ ಆಗಲಿಲ್ಲ. ಎಳೆಗೂಸಿನ ಕೂದಲು, ಲಿಂಬೆಯ ಎಳೆಬೇರು, ಎರಡೂ ಒಂದೇ ನಯ, ಒಂದೇ ತೆಳುವು. ಕೂದಲೆಂದು ಎಳೆದರೆ ಬೇರು ಬರುತ್ತಿತ್ತು, ಬೇರೆಂದು ಬಿಟ್ಟರೆ ಕೂದಲು. ಕೊಳೆತದ್ದನ್ನು ಕತ್ತರಿಸಿ, ಒಳ್ಳೆಯ ಬೇರಿಗೆ ಅಂಟಿಕೊಂಡಿದ್ದ ಹಿಡಿ ಮಣ್ಣಿನ ಸಮೇತ ಗಿಡವನ್ನು ಹೊಸ ಕುಂಡದಲ್ಲಿ ನೆಟ್ಟೆವು. ಚಾದರದ ತುಂಬ ಹಳೆಯ ಮಣ್ಣು ಉಳಿಯಿತು. ಬಿಸಾಕುವಂತಿಲ್ಲ, ಇಡುವಂತಿಲ್ಲ, ಹೂಳೋಣವೆಂದರೆ ಮಣ್ಣನ್ನು ಹೂಳಲೂ ಇಲ್ಲಿ ಮಣ್ಣಿಲ್ಲ. ಆಗ ಶಿಂದೆ ಕಾಕು ತಮ್ಮ ಮನೆಯಿಂದ ಒಂದು ತಗಡಿನ ಡಬ್ಬಿ ತಂದು ಚಾದರದ ಮುಂದೆ ಇಟ್ಟು, "ಸಬ್ ನೇ ಖಿಲಾಯಾ ಹೈ ನಾ ಚಾಚಿ, ತೋ ಸಬ್ ಥೋಡಾ ಥೋಡಾ ಲೇಂಗೇ" ಎಂದರು. ಎಲ್ಲರೂ ಉಣಿಸಿದ್ದೇವೆ, ಎಲ್ಲರೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತೇವೆ. ಅವರ ಲೋಳೆಸರದ ಕುಂಡಕ್ಕೆ ಒಂದು ಡಬ್ಬಿ ಹೋಯಿತು. ವತ್ಸಲಕ್ಕ ತಮ್ಮ ಪಾಲು ತುಂಬಿಕೊಂಡು, "ತುಳಸಿಗೆ ಬೇಡ ಚಾಚಿ, ಮೀನಿನ ನೀರು ಬಿದ್ದಿದೆ. ದಾಸವಾಳಕ್ಕೆ ಹಾಕ್ತೀನಿ. ಹೆಂಗೂ ದಾಸವಾಳ ಕೂದಲಿಗೆ ಒಳ್ಳೇದು" ಎಂದರು. ಈಗ ಎಲ್ಲರೂ ನಕ್ಕರು, ಕೂಸೂ ನಕ್ಕಿತು. ಉಳಿದ ಮಣ್ಣನ್ನು ಗ್ಯಾಲರಿಯ ಮಿಕ್ಕ ಮನೆಯವರು ಅಕೀಕಾದ ಊಟದಂತೆ ಹಂಚಿಕೊಂಡು ಹೋದರು. ಮಣ್ಣು ಸಾಲದಾಯಿತು, ಕೆಳಗಿನ ಮಹಡಿಯವರು ತಮಗೇಕೆ ಹೇಳಲಿಲ್ಲ ಎಂದು ಮುನಿಸಿಕೊಂಡರು.

ಹೊಸ ಕುಂಡದ ಲಿಂಬೆಗೆ ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಮನೆಯಲ್ಲಿ ಎಲ್ಲರೂ ಕೂಸಿನ ತಲೆ ಮುಟ್ಟಿ ಒಪ್ಪಿದೆವು. ಸ್ವಲ್ಪ ದಿನ ಅದು ಏನೂ ಮಾಡದೆ ನಿಂತಿತ್ತು, ಆಮೇಲೆ ಒಂದು ಬೆಳಿಗ್ಗೆ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಈಗ ನಾಲ್ಕಾರು ಎಲೆ ಬಂದಿವೆ. ಕೂಸಿಗೆ ಎರಡು ಹಲ್ಲು ಬಂದಿವೆ. ನಮ್ಮವರು ಬಾದಾಮಿಯನ್ನು ನನ್ನ ಎದುರಿಗೇ ಅಗಿದು ನುಂಗಿ ಬಾಯಿ ತೆರೆದು ತೋರಿಸುತ್ತಾರೆ. ನಾನು ನೆಮ್ಮದಿಯಿಂದ ಇರಬೇಕು, ಅಲ್ಲವೇ? ಆದರೆ ನನ್ನ ಗೊಂದಲ ಈಗ ಇನ್ನೂ ದೊಡ್ಡದಾಗಿದೆ. ಮೊದಲು ಒಂದೇ ಗಿಡದ ಚಿಂತೆಯಿತ್ತು. ಈಗ ಮೊಮ್ಮಗಳು ಇಡೀ ಗ್ಯಾಲರಿಯ ಕುಂಡಗಳಲ್ಲಿದ್ದಾಳೆ. ಯಾರ ಮನೆಯ ಯಾವ ಎಲೆ ಬಾಡಿದರೂ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದು ಈ ತುದಿಯಿಂದ ಆ ತುದಿಯವರೆಗೆ ಡಾಕ್ಟರರ ರೌಂಡಿನಂತೆ ಹೋಗಿ ಬರುತ್ತೇನೆ. ಸಿಕ್ಕವರಿಗೆಲ್ಲ ಬರೀ ನೀರು ಹಾಕಿ, ಬೇರೇನೂ ಹಾಕಬೇಡಿ ಎಂದು ಬುದ್ಧಿ ಹೇಳುತ್ತೇನೆ.

ನಿನ್ನೆ ವತ್ಸಲಕ್ಕನ ದಾಸವಾಳದ ಒಂದು ಎಲೆ ಯಾಕೋ ಹಳದಿಯಾದಂತೆ ಕಂಡಿತು. ಅವರ ಗಿಡ, ಅವರ ಕುಂಡ, ನನಗೇಕೆ ಎಂದು ಒಳಗೆ ಬಂದೆ. ಕೂತೆ. ಎದ್ದೆ. ಮಧ್ಯಾಹ್ನ ಅವರ ಬಾಗಿಲು ಮುಚ್ಚಿದ್ದು ನೋಡಿ ಒಂದು ಚೊಂಬು ಹಿಡಿದುಕೊಂಡು ಹೋಗಿ ಮೆಲ್ಲಗೆ ಬಗ್ಗಿದೆ. ಬಾಗಿಲು ತೆರೆಯಿತು. ವತ್ಸಲಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ಚೊಂಬಿನಲ್ಲಿ ಏನು ಚಾಚಿ ಎಂದರು.

ಬರೀ ನೀರು ಎಂದೆ.

ಅವರು ಹತ್ತಿರ ಬಂದು ಬಗ್ಗಿ ಮೂಸಿ ನೋಡಿದರು.